ಅವ್ವ ಹೇಳಿದ್ದಳು, ಕಂಪ್ಯೂಟರ್ ಕಚ್ಚತೈತಿ

ನಮ್ಮ ಮನೆಯ ಕಂಪ್ಯೂಟರ್ ಗಡಿಯಾರ ಇಟ್ಟಂತೆ 40ನೇ ನಿಮಿಷಕ್ಕೆ ಬಂದ್ ಆಗುತ್ತಿತ್ತು. ಅಕ್ಕ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆ ಬರೆದವರಿಗೆ ಗೊತ್ತು: 60 ನಿಮಿಷ, 100 ಪ್ರಶ್ನೆ, ಒಂದೊಂದು ವಿಭಾಗಕ್ಕೂ 20 ನಿಮಿಷ. ಇಂಗ್ಲಿಷ್ ಮುಗಿಸಿ, ಲೆಕ್ಕ ಮುಗಿಸಿ, ಇನ್ನೇನು ರೀಜನಿಂಗ್ ಶುರು ಮಾಡಬೇಕು ಅನ್ನುವಾಗ ಪರದೆ ಕಪ್ಪಾಗುತ್ತಿತ್ತು. ಮತ್ತೆ ಆನ್ ಮಾಡಿದರೆ ಐದೇ ನಿಮಿಷಕ್ಕೆ ಮತ್ತೆ ಬಂದ್. ಎರಡು ತಿಂಗಳು ಅವಳು ಒಂದೇ ಒಂದು ಮಾದರಿ ಪರೀಕ್ಷೆಯನ್ನೂ ಪೂರ್ತಿ ಬರೆಯಲಿಲ್ಲ.

ನಮ್ಮದು ಬನಹಟ್ಟಿ. ಮುಂದೆ ಮನೆ, ಹಿಂದೆ ನಾಲ್ಕು ಪಾವರ್‌ಲೂಮ್ ಇರುವ ಶೆಡ್. ನಡುವೆ ಒಂದು ಬಾಗಿಲು, ಅದು ಮುಚ್ಚಿದ್ದನ್ನು ನಾನು ನೋಡಿಲ್ಲ. 2020ರಲ್ಲಿ ಶಾಲೆಗಳು ಬಂದ್ ಆಗಿ ಆನ್‌ಲೈನ್ ಪಾಠ ಶುರುವಾದಾಗ ಅಪ್ಪ ಈ ಕಂಪ್ಯೂಟರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದರು. ಆ ಬಾಗಿಲ ಪಕ್ಕದಲ್ಲೇ ಟೇಬಲ್ ಹಾಕಿದೆವು. ಅಂದಿನಿಂದ ಅದರ ಮುಚ್ಚಳ ಯಾರೂ ತೆಗೆದಿರಲಿಲ್ಲ.

ರಿಪೇರಿ ಅಂಗಡಿಯೊಂದಕ್ಕೆ ಒಯ್ದೆವು. ಆನ್ ಮಾಡಿ ಎರಡು ನಿಮಿಷ ನೋಡಿ, ಮದರ್‌ಬೋರ್ಡ್ ಹೋಗಿದೆ, ಹಳೆಯದಕ್ಕೆ ಖರ್ಚು ಮಾಡುವ ಬದಲು 12,000 ರೂಪಾಯಿ ಹಾಕಿದರೆ ಬೇರೆಯದೇ ಬರುತ್ತದೆ ಎಂದರು. ಅಪ್ಪ ಏನೂ ಮಾತಾಡಲಿಲ್ಲ. ದಾರಿಯಲ್ಲಿ ಬರುವಾಗ, "ಈ ಸಲದ ಮಾಲು ಹೋಗ್ಲಿ ತಮ್ಮಾ, ನೋಡೂಣು" ಎಂದರು. ಮಾಲು ಹೋದ ಮೇಲೆ ಆ ದುಡ್ಡು ಎಲ್ಲೆಲ್ಲಿ ಹೋಗಬೇಕೆಂದು ಮೊದಲೇ ಬರೆದಿಟ್ಟಿರುತ್ತದೆ ಎನ್ನುವುದು ಅಕ್ಕನಿಗೂ ಗೊತ್ತು, ನನಗೂ ಗೊತ್ತು.

ನಾನು ಓದುತ್ತಿರುವುದು ಬಿಇ, ಅದೂ ಕಂಪ್ಯೂಟರ್ ಸೈನ್ಸ್. ಪ್ರೊಸೆಸರ್ ತನ್ನ ಕೆಲಸಗಳನ್ನು ಯಾವ ಸರತಿಯಲ್ಲಿ ಮುಗಿಸುತ್ತದೆ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯಬಲ್ಲೆ. ಆದರೆ ಆ ಪ್ರೊಸೆಸರನ್ನು ಕಣ್ಣಾರೆ ಕಂಡಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನನ್ನ ತರಗತಿಯಲ್ಲಿ ಹಾಗೆ ಇರುವವನು ನಾನೊಬ್ಬನೇ ಅಲ್ಲ.

ದೂಳು ತುಂಬಿರಬೇಕು ಎನ್ನುವುದು ಮಾತ್ರ ಹೊಳೆಯಿತು. ಹೊಳೆದದ್ದೇ ತಡ, ಕ್ಯಾಬಿನೆಟ್ಟನ್ನು ಬೈಕ್ ಮೇಲೆ ಇಟ್ಟುಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಲಾರಿ ಟೈರಿಗೆ ಗಾಳಿ ಹಾಕುವ ಕಂಪ್ರೆಸರ್‌ನಿಂದ ಒಳಗೆ ಜೋರಾಗಿ ಹೊಡೆಸಿದೆ. ಮೋಡದಂತೆ ದೂಳು ಎದ್ದಿತು. ಎಷ್ಟು ಖುಷಿಯಾಯಿತೆಂದರೆ ಮೊಬೈಲ್‌ನಲ್ಲಿ ವಿಡಿಯೊ ಕೂಡ ಮಾಡಿದೆ. ಆ ವಿಡಿಯೊವನ್ನು ಈಗ ನೋಡಿದರೆ ತಪ್ಪುಗಳನ್ನು ಒಂದೊಂದಾಗಿ ಎಣಿಸಬಹುದು. ಗಾಳಿಯ ರಭಸಕ್ಕೆ ಪ್ರೊಸೆಸರ್ ಮೇಲಿನ ಫ್ಯಾನ್ ವಿಮಾನದ ಸದ್ದು ಮಾಡುತ್ತ ತಿರುಗಿ ಒಂದು ರೆಕ್ಕೆ ಮುರಿಯಿತು. ಪೈಪಿನಿಂದ ಗಾಳಿಯ ಜೊತೆ ನೀರಿನ ಹನಿ, ಎಣ್ಣೆಯ ಹನಿ ಎರಡೂ ಬಂದು ಬೋರ್ಡಿನ ಮೇಲೆ ಕೂತವು. ಗಾಳಿಯನ್ನು ಒತ್ತಿ ತುಂಬಿಡುವ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಹೊಸ ಫ್ಯಾನ್‌ಗೆ 350 ರೂಪಾಯಿ ಹೋಯಿತು. ಅದನ್ನು ಹಾಕಿಸಿದ ಮೇಲೆ ಕಂಪ್ಯೂಟರ್ 25ನೇ ನಿಮಿಷಕ್ಕೇ ಬಂದ್ ಆಗತೊಡಗಿತು.

ಮೊದಲು ಗೋಡೆ, ಆಮೇಲೆ ಡಬ್ಬಿ

ನಮ್ಮ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಸರ್ ಒಬ್ಬರಿದ್ದಾರೆ. ಪಾಠ ಮಾಡುವವರಲ್ಲ, ಯಂತ್ರಗಳನ್ನು ರಿಪೇರಿ ಮಾಡುವವರು. ಅವರ ಬಳಿ ನನ್ನ ಗೋಳು ಹೇಳಿಕೊಂಡೆ. ಅವರು ಫ್ಯಾನ್ ಬಗ್ಗೆ ಕೇಳಲಿಲ್ಲ, ದೂಳಿನ ಬಗ್ಗೆ ಕೇಳಲಿಲ್ಲ. "ಕ್ಯಾಬಿನೆಟ್ ಮುಟ್ಟಿದ್ರ ಜುಂ ಅಂತೈತೇನು?" ಎಂದರು.

ನನಗೆ ತಟ್ಟನೆ ಅವ್ವ ನೆನಪಾದಳು. ಆ ಟೇಬಲ್ ಸುತ್ತ ಕಸ ಹೊಡೆಯುವಾಗ ಅವ್ವ ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಳ್ಳುತ್ತಾಳೆ. ಮನೆಯೊಳಗೆ ಬೇರೆಲ್ಲೂ ಚಪ್ಪಲಿ ಮೆಟ್ಟದ ಅವ್ವ. ಕೇಳಿದರೆ, "ಅದು ಕಚ್ಚತೈತಿ" ಎನ್ನುತ್ತಿದ್ದಳು. ನಾವಿಬ್ಬರೂ ನಗುತ್ತಿದ್ದೆವು. ಐದು ವರ್ಷ ನಕ್ಕಿದ್ದೇವೆ.

"ಹೌದ್ರಿ ಸರ್, ಜುಂ ಅಂತೈತಿ" ಎಂದೆ.

"ಹಂಗಿದ್ರ ಒಳಗ ಕೈ ಹಾಕಬ್ಯಾಡ. ಮೊದಲ ಗ್ವಾಡಿ ನೋಡು, ಆಮ್ಯಾಲೆ ಡಬ್ಬಿ ನೋಡು."

ವಿಷಯ ಹೀಗಿದೆ. ಕಂಪ್ಯೂಟರಿನ ಎಸ್‌ಎಂಪಿಎಸ್ ಒಳಗೆ, ಬರುವ ವಿದ್ಯುತ್ತಿನ ಗದ್ದಲ ಕಡಿಮೆ ಮಾಡಲು ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಲೋಹಕ್ಕೆ. ಅವುಗಳಿಂದ ಸೋರುವ ಅತಿ ಸಣ್ಣ ಕರೆಂಟು ಅರ್ಥಿಂಗ್ ತಂತಿ ಹಿಡಿದು ನೆಲಕ್ಕೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾಬಿನೆಟ್ಟಿನ ಮೇಲೆಯೇ ನಿಲ್ಲುತ್ತದೆ, ಯಾರು ಮುಟ್ಟುತ್ತಾರೆ ಎಂದು ಕಾಯುತ್ತಾ. ಕರೆಂಟು ತೀರಾ ಸಣ್ಣದಾದ್ದರಿಂದ ಬರೀ ಜುಂ ಎನ್ನುತ್ತದೆ. ಆದರೆ ಎಂದಾದರೂ ಒಳಗಿನ ತಂತಿಯೊಂದರ ಕವಚ ಸವೆದು ಲೋಹಕ್ಕೆ ತಾಗಿದರೆ, ಆ ದಿನ ಬರುವುದು ಜುಂ ಅಲ್ಲ, ಪೂರ್ತಿ 230 ವೋಲ್ಟ್. ಮನುಷ್ಯರನ್ನು ಬಿಟ್ಟರೂ, ಇಂಥ ಕ್ಯಾಬಿನೆಟ್ಟಿಗೆ ಪ್ರಿಂಟರ್ ಅಥವಾ ಮಾನಿಟರ್ ಕೇಬಲ್ ಜೋಡಿಸುವಾಗ ಪೋರ್ಟ್‌ಗಳು ಸುಡುವುದುಂಟು.

ಎಲೆಕ್ಟ್ರಿಷಿಯನ್ ಕಾಕಾ ಬಂದು ಟೆಸ್ಟರ್ ಇಟ್ಟರು. ಕ್ಯಾಬಿನೆಟ್ಟಿನ ಮೇಲೆ ದೀಪ ಹೊತ್ತಿತು. ಗೋಡೆಯ ಬೋರ್ಡ್ ಬಿಚ್ಚಿದರೆ ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಇಲ್ಲ! ಶೆಡ್ಡಿನ ಮೋಟಾರುಗಳಿಗೆ ಸರಿಯಾದ ಅರ್ಥಿಂಗ್ ಇತ್ತು. ಮನೆಯ ಕಡೆ ತೂತು ಮಾತ್ರ ಮೂರಿದ್ದವು. ಕಾಕಾ ಅರ್ಥಿಂಗ್ ತಂತಿ ಎಳೆದು, ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಕೂಡಿಸಿದರು. ಕರೆಂಟು ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಲೈನ್ ಕತ್ತರಿಸುತ್ತದೆ. ಕೆಲವರು ಅಗ್ಗದ ಉಪಾಯವೆಂದು ಸಾಕೆಟ್ಟಿನ ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೇ ಜೋಡಿಸುತ್ತಾರೆ, ಇಲ್ಲವೇ ನಲ್ಲಿಯ ಪೈಪಿಗೆ ಕಟ್ಟುತ್ತಾರೆ. ನ್ಯೂಟ್ರಲ್ ತಂತಿ ಎಲ್ಲಾದರೂ ತುಂಡಾದರೆ ಕ್ಯಾಬಿನೆಟ್ಟಿಗೇ ಫೇಸ್ ಬಂದಂತೆ. ಪೈಪಿಗೆ ಕಟ್ಟಿದರೆ ನೀರು ಹಿಡಿಯಲು ಬಂದವರ ಗತಿ? ಈ ಒಂದು ಕೆಲಸ ಯೂಟ್ಯೂಬ್ ನೋಡಿ ಮಾಡುವಂಥದ್ದಲ್ಲ, ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು.

ಅಂದು ಸಂಜೆ ಅವ್ವನನ್ನು ಕರೆದು ಕ್ಯಾಬಿನೆಟ್ ಮುಟ್ಟು ಎಂದೆ. ಮುಟ್ಟಿ ನೋಡಿ, "ಈಗ ಸುಮ್ಮನಾಗೈತಿ" ಎಂದಳು. ಚಪ್ಪಲಿ ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ನೂಲಿನ ಹಾಸಿಗೆ

ಮುಂದಿನ ಭಾನುವಾರ ಮಗ್ಗ ನಿಂತಿದ್ದಾಗ ಕೆಲಸ ಶುರು ಮಾಡಿದೆ. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತೆ. ಯುಪಿಎಸ್ ಇರುವವರು ಇಲ್ಲೇ ಮೋಸ ಹೋಗುವುದು: ಗೋಡೆಯ ಪ್ಲಗ್ ಕಿತ್ತರೂ ಯುಪಿಎಸ್ ತನ್ನ ಬ್ಯಾಟರಿಯಿಂದ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಆದ್ದರಿಂದ ಕೀಳಬೇಕಾದದ್ದು ಕ್ಯಾಬಿನೆಟ್ಟಿನ ಹಿಂದಿನ ಕೇಬಲ್ಲು. ಅದನ್ನು ಕಿತ್ತ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದಿರುವ ಚಾರ್ಜು ಖಾಲಿಯಾಗುತ್ತದೆ. ಕೇಬಲ್‌ಗಳನ್ನು ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕು ಫೋಟೊ ತೆಗೆದುಕೊಳ್ಳಿ. ಬಿಚ್ಚುವಾಗ ಎಲ್ಲವೂ ನೆನಪಿರುತ್ತದೆ ಎನಿಸುತ್ತದೆ, ಜೋಡಿಸುವಾಗ ಕೈಯಲ್ಲಿ ಒಂದು ಕೇಬಲ್ ಉಳಿಯುತ್ತದೆ.

ಇನ್ನೊಂದು ಕಾಣದ ಶತ್ರು ನಮ್ಮ ಮೈಯಲ್ಲೇ ಇದೆ. ಚಳಿಗಾಲದಲ್ಲಿ ಟೆರಿಕಾಟ್ ಅಂಗಿ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಅದೇ ಸ್ಥಿರ ವಿದ್ಯುತ್. ನಮಗೆ ಚುರ್ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ ಕೆಡಲು ಕೆಲವು ನೂರು ವೋಲ್ಟ್ ಸಾಕು, ನಮಗೆ ತಿಳಿಯುವುದೂ ಇಲ್ಲ. ಹತ್ತಿ ಬಟ್ಟೆ ಹಾಕಿಕೊಂಡು, ಎಡಗೈಯಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಂಡೇ ಕೆಲಸ ಮಾಡಿದರೆ ನಮ್ಮ ಮೈಗೂ ಬೋರ್ಡಿಗೂ ವ್ಯತ್ಯಾಸ ಉಳಿಯುವುದಿಲ್ಲ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೆನ್ನುವುದೂ ಇದಕ್ಕೇ, ಅದರ ಪ್ಲಾಸ್ಟಿಕ್ ಮೂತಿ ಗಾಳಿಯ ಉಜ್ಜಾಟಕ್ಕೆ ಚಾರ್ಜ್ ಆಗುತ್ತದೆ.

ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದಾಗ ಕಂಡದ್ದನ್ನು ಹೇಗೆ ಹೇಳಲಿ? ಫ್ಯಾನಿಗೂ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳಿಗೂ ನಡುವೆ ಕಂಬಳಿಯಂಥ ಒಂದು ಹಾಸು. ನಾನು ಕಂಪ್ರೆಸರ್ ಹೊಡೆಸಿದಾಗ ಹಾರಿದ್ದು ಮೇಲಿನ ಸಡಿಲ ದೂಳು ಮಾತ್ರ. ಉಳಿದದ್ದನ್ನು ಆ ಗಾಳಿಯೇ ಒತ್ತಿ ಪಟ್ಟಿಗಳ ಸಂದಿಗೆ ಇನ್ನಷ್ಟು ಗಟ್ಟಿಯಾಗಿ ಕೂರಿಸಿತ್ತು. ಪ್ರೊಸೆಸರಿನ ಕಾವು ಹೋಗಲು ದಾರಿಯೇ ಇಲ್ಲ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಪ್ರೊಸೆಸರ್ ಮೊದಲು ತನ್ನ ವೇಗ ಇಳಿಸುತ್ತದೆ, ಆಗಲೂ ಕಾವು ಇಳಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತದೆ. ಅಂದರೆ ನಮ್ಮ ಕಂಪ್ಯೂಟರ್ ಕೆಟ್ಟಿರಲಿಲ್ಲ. ಕೆಡಬಾರದೆಂದು ಪ್ರತಿದಿನ 40ನೇ ನಿಮಿಷಕ್ಕೆ ಜೀವ ಉಳಿಸಿಕೊಳ್ಳುತ್ತಿತ್ತು.

ನೂಲಿನ ದೂಳು ಊದಿದರೆ ಹಾರುವುದಿಲ್ಲ. ಎಳೆಗೆ ಎಳೆ ಹೆಣೆದುಕೊಂಡಿರುತ್ತದೆ, ಹಾಸಿಗೆ ಹಚ್ಚಿದ ಗಂಜಿಯ ಪುಡಿಯೂ ಸೇರಿರುತ್ತದೆ. ಅದನ್ನು ಚಿಮಟಿಗೆಯಿಂದ ಹಿಡಿದು ಎತ್ತಬೇಕು. ನಮ್ಮದು ಒಂದೇ ತುಂಡಾಗಿ ಬಂತು, ರೊಟ್ಟಿ ಎಬ್ಬಿಸಿದ ಹಾಗೆ. ಉಳಿದ ಪುಡಿಗೆ ಹೊಸ ಪೇಂಟ್ ಬ್ರಷ್ಷು, ಕ್ಯಾಮೆರಾ ಒರೆಸುವವರ ರಬ್ಬರ್ ಊದುಬುರುಡೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದೆ, 350 ರೂಪಾಯಿ ಕಲಿಸಿದ ಪಾಠ ಅದು. ಪ್ರೊಸೆಸರಿಗೆ ಅಂಟಿದ ಅಲ್ಯೂಮಿನಿಯಂ ಗಡ್ಡೆಯನ್ನು ಕೀಳಲಿಲ್ಲ. ಕಿತ್ತರೆ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು, ಅದು ಕೈಯಲ್ಲಿಲ್ಲದೆ ಕೀಳುವುದು ತಪ್ಪು.

ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಹೊರಗಿನಿಂದ ಬ್ರಷ್ ಆಡಿಸಿದರೆ ಸಾಕು. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300ಕ್ಕೂ ಹೆಚ್ಚು ವೋಲ್ಟ್ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಇರಬಹುದು. ಹಳೆಯ ಡುಬ್ಬದ ಮಾನಿಟರ್ ಯಾರ ಮನೆಯಲ್ಲಾದರೂ ಇನ್ನೂ ಇದ್ದರೆ ಅದಕ್ಕೂ ಇದೇ ಮಾತು, ಅಲ್ಲಿರುವುದು ಸಾವಿರಗಳ ಲೆಕ್ಕ.

ಆ ನೂಲಿನ ಹಾಸನ್ನು ಪೇಪರಿನ ಮೇಲೆ ಇಟ್ಟಿದ್ದೆ. ಅಪ್ಪ ಬಂದು ಕೈಗೆತ್ತಿಕೊಂಡು ಅಂಚನ್ನು ಬೆಳಕಿಗೆ ಹಿಡಿದರು. ಅದರಲ್ಲಿ ಪದರಗಳಿದ್ದವು: ಒಂದು ಹಸಿರು, ಒಂದು ಕೆಂಪು, ಒಂದು ಮಾಸಿದ ಹಳದಿ. "ಈ ಕೆಂಪು ಹ್ವಾದ ದೀಪಾವಳಿ ಮಾಲು ನೋಡು. ಹಸರು ಅದರ ಮೊದಲಿಂದು" ಎಂದರು. ಕಂಪ್ಯೂಟರಿನೊಳಗೆ ನಮ್ಮ ಮನೆಯ ಲೆಕ್ಕದ ಪುಸ್ತಕವೇ ಇತ್ತು. ಅವರು ನಕ್ಕರು, ನಗುತ್ತಲೇ ಕೆಮ್ಮಿದರು. ಆ ಕೆಮ್ಮು ನಮಗೆ ಮಗ್ಗದ ಸದ್ದಿನಷ್ಟೇ ರೂಢಿ. ಅಂದು ಮೊದಲ ಸಲ ಕಿವಿಗೆ ಬಿತ್ತು. ಐದು ವರ್ಷಕ್ಕೆ ಒಂದು ಫ್ಯಾನ್ ಇಷ್ಟು ಎಳೆದುಕೊಂಡಿದ್ದರೆ, ಮೂವತ್ತು ವರ್ಷದಿಂದ ಅದೇ ಗಾಳಿ ಉಸಿರಾಡಿದ ಎದೆ? ಹತ್ತಿ ದೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗದ ಬಗ್ಗೆ ಅಂದು ರಾತ್ರಿ ಓದಿದೆ. ಕ್ಯಾಬಿನೆಟ್ ಸ್ವಚ್ಛ ಮಾಡಲೆಂದು ನಾನು ತಂದಿದ್ದ ಮಾಸ್ಕ್‌ಗಳ ಪೊಟ್ಟಣ ಈಗ ಶೆಡ್ಡಿನ ಗೂಟಕ್ಕೆ ನೇತಾಡುತ್ತದೆ. ಅಪ್ಪ ಹಾಕಿಕೊಳ್ಳುತ್ತಾರೆ, ಯಾರಾದರೂ ಮಾತಾಡಿಸಲು ಬಂದರೆ ತೆಗೆಯುತ್ತಾರೆ. ಬಾಗಲಕೋಟೆಯ ಆಸ್ಪತ್ರೆಗೆ ಹೋಗೋಣವೆಂದರೆ ಮಾತ್ರ, "ಈ ಮಾಲು ಹೋಗ್ಲಿ."

ಊರಿಗೊಂದು ದೂಳು

ನಮ್ಮದು ಸರಿಹೋದ ಸುದ್ದಿ ಹಬ್ಬಿತು. ಸೆಮಿಸ್ಟರ್ ರಜೆಯಲ್ಲಿ ಬೀಗರು, ಗೆಳೆಯರು ಕರೆದಲ್ಲೆಲ್ಲ ಬ್ರಷ್ಷು, ಚಿಮಟಿಗೆ ಹಿಡಿದುಕೊಂಡು ಹೋದೆ. ಆಗ ತಿಳಿದದ್ದು, ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲೇ ಒಂದೊಂದು ಊರಿಗೆ ಒಂದೊಂದು ದೂಳು.

ಮುಧೋಳದ ಗೆಳೆಯನ ಮನೆ ಕಬ್ಬಿನ ಹೊಲಗಳ ಮಗ್ಗುಲಲ್ಲಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ರವದಿ ಸುಟ್ಟಾಗ ಕರಿ ಎಸಳುಗಳು ಕಿಟಕಿಯಿಂದ ಒಳಗೆ ಬಂದು ಬೀಳುತ್ತವೆ. ಮುಟ್ಟಿದರೆ ಪುಡಿ, ಒರೆಸಿದರೆ ಮಸಿ. ಅವನು ಕೊರೊನಾ ಕಾಲದ ಅಭ್ಯಾಸಬಲದಿಂದ ಸ್ಯಾನಿಟೈಸರ್ ಹಾಕಿ ಮಾನಿಟರ್ ಒರೆಸಿದ್ದ. ಪರದೆಯ ಮೇಲಿನ ತೆಳು ಲೇಪ ಎದ್ದುಹೋಗಿ ತೊನ್ನು ಬಂದಂತಾಗಿದೆ. ಪರದೆಗೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಸಾಕು, ಕಲೆ ಹೋಗದಿದ್ದರೆ ಅದೇ ಬಟ್ಟೆಗೆ ಒಂದೆರಡು ಹನಿ ಶುದ್ಧ ನೀರು. ನೇರ ಪರದೆಗೆ ಏನನ್ನೂ ಸಿಂಪಡಿಸಬಾರದು. ಬೋರ್ಡಿನ ಮಸಿಯನ್ನು ಮೊದಲು ಒಣ ಬ್ರಷ್ಷಿನಿಂದ ಉದುರಿಸಿ, ಆಮೇಲೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ತೆಗೆಯಬಹುದು. ಅದು ಪೆಟ್ರೋಲಿನಂತೆ ಹೊತ್ತಿಕೊಳ್ಳುತ್ತದೆ. ದೇವರ ಮುಂದಿನ ಊದುಬತ್ತಿ, ದೀಪದಿಂದ ದೂರ ಕೂತು ಮಾಡಿ, ಪೂರ್ತಿ ಆರುವವರೆಗೆ ಆನ್ ಮಾಡಬೇಡಿ.

ಮುಧೋಳವೆಂದ ಮೇಲೆ ಕ್ಯಾಬಿನೆಟ್ಟಿನೊಳಗೆ ನಾಯಿಯ ಕೂದಲು ಸಿಗಬಹುದೆಂದು ತಮಾಷೆ ಮಾಡಿದ್ದೆ. ಸಿಕ್ಕಿದ್ದು ಹಲ್ಲಿಯ ಎರಡು ಮೊಟ್ಟೆ. ಕ್ಯಾಬಿನೆಟ್ ಹಿಂದಿನ ಕಾರ್ಡಿನ ಪಟ್ಟಿ ಕಳೆದುಹೋಗಿದ್ದರೆ ಆ ಸಂದಿಯಿಂದ ಹಲ್ಲಿ ಒಳಗೆ ಹೋಗುತ್ತದೆ, ಬೆಚ್ಚಗಿರುತ್ತದಲ್ಲ. ಬೋರ್ಡಿನ ಮೇಲೆ ಅದು ಸತ್ತರೆ ಬೋರ್ಡೂ ಸಾಯಬಹುದು. ಅಂಥ ಪಟ್ಟಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ.

ಬೀಳಗಿಯ ಮಾಮಾನ ಮನೆಯಲ್ಲಿ ದೂಳೇನೂ ತೊಂದರೆ ಕೊಡಲಿಲ್ಲ. ಎರೆಮಣ್ಣಿನ ದೂಳು ಒಣಗಿದ್ದು, ಬ್ರಷ್ಷಿಗೆ ಬಿಡುತ್ತದೆ. ಅಲ್ಲಿ ತೊಂದರೆ ಕೊಟ್ಟದ್ದು ಪ್ರೀತಿ. ಮಾಮಿ ಕಸೂತಿ ಹಾಕಿದ ಚಂದದ ಹೊದಿಕೆಯನ್ನು ಕಂಪ್ಯೂಟರಿಗೆ ಹೊದಿಸಿದ್ದರು, ಅದು ಓಡುತ್ತಿರುವಾಗಲೂ. ಬೇಸಿಗೆಯ 40 ಡಿಗ್ರಿಯಲ್ಲಿ ನಮಗೆ ಕಂಬಳಿ ಹೊದಿಸಿದಂತೆ.

ಜಮಖಂಡಿ ತಾಲ್ಲೂಕಿನ ಅತ್ತಿಯ ಊರಿನ ಕಥೆ ಬೇರೆ. ಕೃಷ್ಣೆಯ ದಂಡೆಯ ಊರು. 2019ರ ಆಗಸ್ಟ್ ಪ್ರವಾಹದಲ್ಲಿ ಮನೆಯೊಳಗೆ ನೀರು ನುಗ್ಗಿತ್ತು. ಜನ, ದನ ಬದುಕಿದ್ದೇ ದೊಡ್ಡದು, ಕಂಪ್ಯೂಟರ್ ಯಾರ ನೆನಪಿಗೂ ಬರಲಿಲ್ಲ. ನೀರು ಇಳಿದ ಮೇಲೆ ಮನೆಯವರು ಅದನ್ನು ಎರಡು ದಿನ ಬಿಸಿಲಿಗಿಟ್ಟು, ಒಣಗಿದೆ ಎಂದು ಆನ್ ಮಾಡಿದರು. ಟಪ್ ಎಂದು ಹೋಯಿತು. ಒಳಗೆ ರೇವೆ ಮಣ್ಣು ಹಾಗೇ ಕೂತಿತ್ತು. ಅದರ ಹಾರ್ಡ್ ಡಿಸ್ಕಿನಲ್ಲಿ ದೊಡ್ಡಕ್ಕನ ಮದುವೆಯ ಫೋಟೊಗಳು, ಅಣ್ಣನ ಅಂಕಪಟ್ಟಿಗಳ ಸ್ಕ್ಯಾನು ಎಲ್ಲವೂ ಇದ್ದವು. ನೀರಿನಲ್ಲಿ ಮುಳುಗಿದ ಯಂತ್ರಕ್ಕೆ ಕರೆಂಟು ಕೊಡಲೇಬಾರದಿತ್ತು. ಬೋರ್ಡಿನ ಮೇಲಿನ ಗುಂಡಿಯಂಥ 3 ವೋಲ್ಟ್ ಬ್ಯಾಟರಿಯನ್ನು ತಕ್ಷಣ ತೆಗೆದು, ಹಾರ್ಡ್ ಡಿಸ್ಕನ್ನು ಬೇರ್ಪಡಿಸಿ, ಅದನ್ನು ಬಿಚ್ಚದೆ, ಚಲಾಯಿಸದೆ, ಮಾಹಿತಿ ಮರಳಿ ತೆಗೆಯುವ ಪರಿಣತರಿಗೆ ಒಪ್ಪಿಸಿದ್ದರೆ ಫೋಟೊಗಳಾದರೂ ಸಿಗುತ್ತಿದ್ದವೇನೋ. ಆಗ ನನಗೆ ಹದಿನಾಲ್ಕು ವರ್ಷ, ನನಗೂ ಏನೂ ಗೊತ್ತಿರಲಿಲ್ಲ. ಅತ್ತಿ ಈಗಲೂ ಆ ಡಿಸ್ಕನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದಾಳೆ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಫೋಟೊ, ಸಹಿ ಇವೆಲ್ಲವುಗಳ ಒಂದು ನಕಲು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಡಿಜಿಲಾಕರ್ ಅಥವಾ ಗೂಗಲ್ ಡ್ರೈವ್‌ನಲ್ಲಿ ಇಡಿ ಎಂದು ನಾನು ಹೋದಲ್ಲೆಲ್ಲ ಕಾಡಿಸುವುದು ಆ ಟ್ರಂಕನ್ನು ನೋಡಿದ ಮೇಲೆ.

ಪೆನ್‌ಡ್ರೈವ್ ಎಂದಾಗ ಇನ್ನೊಂದು ಮಾತು. ಅರ್ಜಿಯ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ. ನಾನು ಸ್ವಚ್ಛ ಮಾಡಿದ ಯಂತ್ರಗಳಲ್ಲಿ ಅರ್ಧಕ್ಕೆ ರೋಗ ಬಂದಿದ್ದು ಅದೇ ದಾರಿಯಿಂದ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇದಕ್ಕೆ ಸಾಕು. 'ನಿಮ್ಮ ಕಂಪ್ಯೂಟರಿನ ವೇಗ ಹತ್ತುಪಟ್ಟು' ಎನ್ನುವ ಪುಕ್ಕಟೆ ಕ್ಲೀನರ್‌ಗಳನ್ನು ಹಾಕಿಕೊಂಡರೆ ಆಮೇಲೆ ಅವನ್ನೇ ಕ್ಲೀನ್ ಮಾಡಬೇಕಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ವಿಂಡೋಸ್ 11 ತಾಳದಿದ್ದರೆ ಲಿನಕ್ಸ್ ಹಾಕಿ ನೋಡಬಹುದು, ಮಾದರಿ ಪರೀಕ್ಷೆ ಬರೆಯಲು ಬ್ರೌಸರ್ ಇದ್ದರಾಯಿತು.

ನಮ್ಮ ಮನೆಯಲ್ಲಿ ಈಗ ಟೇಬಲ್ಲನ್ನು ಶೆಡ್ಡಿನ ಬಾಗಿಲಿನಿಂದ ಪಡಸಾಲೆಯ ಇನ್ನೊಂದು ಮೂಲೆಗೆ ಸರಿಸಿದ್ದೇವೆ. ಆ ಬಾಗಿಲಿಗೆ ಅವ್ವ ಹಳೆಯ ಸೀರೆಯ ಪರದೆ ಕಟ್ಟಿದ್ದಾಳೆ. ಮುಚ್ಚಳದ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಸ್ವಚ್ಛ ಮಾಡಿದ ತಾರೀಖು ಬರೆದಿಡುತ್ತೇನೆ. ಬೇರೆ ಊರಿನವರಿಗೆ ಆರು ತಿಂಗಳಿಗೊಮ್ಮೆ ಸಾಕಾದೀತು, ನಮಗೆ ಎರಡು ತಿಂಗಳಿಗೇ ಫ್ಯಾನಿನ ಮೇಲೆ ತೆಳುವಾಗಿ ಬಣ್ಣ ಕೂರುತ್ತದೆ. ಈ ಸಲದ್ದು ನೀಲಿ.

ಸ್ವಚ್ಛ ಮಾಡಿದ ದಿನ ರಾತ್ರಿ ಅಕ್ಕ ಮಾದರಿ ಪರೀಕ್ಷೆಗೆ ಕೂತಳು. 40ನೇ ನಿಮಿಷ ಬಂದಾಗ ನಾನು, ಅವ್ವ ಇಬ್ಬರೂ ಅವಳ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆವು. ಪರದೆ ಬೆಳಗುತ್ತಲೇ ಇತ್ತು. 60 ನಿಮಿಷ ಮುಗಿದು ಅಂಕ ಬಂದವು: 100ಕ್ಕೆ 46. ರೀಜನಿಂಗ್‌ನಲ್ಲಿ ಅರ್ಧಕ್ಕರ್ಧ ತಪ್ಪು.

"ಮೊದಲ ಛಲೋ ಇತ್ತು ನೋಡು," ಎಂದಳು ಅಕ್ಕ, "ಬಂದ್ ಆತು ಅಂತ ಹೇಳಾಕ ಬರ್ತಿತ್ತು."